ಸಬ್ಸಿಡಿಯ ಜೇನುಪೆಟ್ಟಿಗೆ: ಅಕ್ಟೋಬರಿಗೆ ಹುಳ ಉಳಿದಿದ್ದರೆ ಮಾತ್ರ ಲೆಕ್ಕ

ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ಸಿಗುವ ಜೇನುಪೆಟ್ಟಿಗೆ ಅಂದರೆ ಮೂರು ವಸ್ತು. ಚೌಕಟ್ಟುಗಳಿರುವ ಮರದ ಪೆಟ್ಟಿಗೆ, ಅದರೊಳಗೆ ತುಡುವೆ ಎಂಬ ನಾಡ ಜೇನುನೊಣದ ಒಂದು ಕುಟುಂಬ, ಕೆಳಗೆ ಕಬ್ಬಿಣದ ಸ್ಟ್ಯಾಂಡ್. ರಾಜ್ಯದ ಮಧುವನ ಮತ್ತು ಜೇನು ಸಾಕಣೆ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ವೆಚ್ಚದ ಶೇ. 75, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನ. ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನ 2014ರ ಮಾರ್ಗಸೂಚಿಯ ಲೆಕ್ಕ ಬೇರೆ ಇತ್ತು: ಪೆಟ್ಟಿಗೆಗೆ 2,000 ರೂಪಾಯಿ, ಎಂಟು ಚೌಕಟ್ಟಿನ ಕುಟುಂಬಕ್ಕೆ 2,000 ರೂಪಾಯಿ ಎಂದು ಹಿಡಿದು ಅದರ ಶೇ. 40, ಒಬ್ಬರಿಗೆ ಹೆಚ್ಚೆಂದರೆ 50. ಯಾವ ವರ್ಷ ಯಾವ ಯೋಜನೆಯ ಹಣ ಬಂದಿದೆ ಎಂಬುದನ್ನು ತಾಲೂಕು ಕಚೇರಿಯಲ್ಲೇ ಕೇಳಬೇಕು. ಇಲ್ಲಿಯ ಲೆಕ್ಕಕ್ಕೆ ಮೂರೂ ಸೇರಿ 4,500 ರೂಪಾಯಿ, ಕೊಳ್ಳುವವರ ಕೈಯಿಂದ 1,125 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಪೆಟ್ಟಿಗೆ ಕೊಳ್ಳುವಂಥದ್ದೇ. ಆದರೆ ಬಂದದ್ದನ್ನು ಬಂದ ಹಾಗೆ ಹಿತ್ತಿಲಲ್ಲಿಟ್ಟರೆ ಆಗಲಿಲ್ಲ, ಅರ್ಧ ದಿನದ ಬಡಗಿ ಕೆಲಸ ಉಂಟು. ಐದರಲ್ಲಿ ಪೆಟ್ಟಿಗೆಗೆ ಮೂರೂವರೆ ಕೊಡಬಹುದು. ಯೋಜನೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸಾಗುವುದಿಲ್ಲ. ಸರ್ಕಾರದ ದುಡ್ಡು ಬರುವುದು ಪೆಟ್ಟಿಗೆ ಮನೆಗೆ ಬಂದ ದಿನಕ್ಕೆ. ಊರಿಗೆ ಪರಾಗಸ್ಪರ್ಶದ ಲಾಭ ಆಗುವುದು ನೊಣ ಹಾರಿದ ದಿನಗಳಿಂದ. ಈ ಎರಡಕ್ಕೂ ನಡುವೆ ಕರಾವಳಿಯ ಒಂದು ಇಡೀ ಮಳೆಗಾಲ ಅಡ್ಡ ನಿಂತಿದೆ.

ಮೊದಲು ಮರದ ವಿಷಯ. ಇಲ್ಲಿ ಬಳಕೆಯಲ್ಲಿರುವುದು ನ್ಯೂಟನ್ ಮಾದರಿ ಅಥವಾ ಅದಕ್ಕೆ ಹತ್ತಿರದ ಐಎಸ್‌ಐ 'ಎ' ಮಾದರಿ. ಅಡಿಹಲಗೆ, ಅದರ ಮೇಲೆ ಮರಿ ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ಗಿಡ್ಡ ಚೌಕಟ್ಟುಗಳ ಜೇನು ಕೋಣೆ, ಒಳಮುಚ್ಚಳ, ಮೇಲೆ ತಗಡಿನ ಮಾಡು. ಹಲಸು, ಹೆಬ್ಬಲಸು, ಸಾಗುವಾನಿಯಾದರೆ ಒಳ್ಳೆಯದು. ಹಸಿ ಮರದ ಹಲಗೆ ಹೊಡೆದು ಬಣ್ಣ ಬಳಿದು ಕೊಟ್ಟದ್ದಾದರೆ ಜೂನ್‌ನಲ್ಲಿ ಉಬ್ಬುತ್ತದೆ, ಜನವರಿಯಲ್ಲಿ ಒಣಗಿ ಮೂಲೆ ಬಿಡುತ್ತದೆ. ಬಣ್ಣ ಒಳಬದಿಗೂ ಬಳಿದಿದ್ದರೆ ಆ ವಾಸನೆಗೇ ನೊಣ ನಿಲ್ಲುವುದಿಲ್ಲ.

ಪೆಟ್ಟಿಗೆ ಸರಿಯಿದೆಯೇ ಎಂದು ನೋಡಲು ಒಂದು ಪೆನ್ಸಿಲು ಸಾಕು. ಸಾಮಾನ್ಯ ಪೆನ್ಸಿಲು ಸುಮಾರು 7 ಮಿ.ಮೀ. ದಪ್ಪ. ಚೌಕಟ್ಟಿನ ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಒಂದು ಪೆನ್ಸಿಲು ಇಳಿಯಬೇಕು, ಎರಡು ಇಳಿಯಬಾರದು. ಜಾಗ 7ರಿಂದ 9 ಮಿ.ಮೀ. ಇದ್ದರೆ ನೊಣ ಅದನ್ನು ಓಣಿಯ ಹಾಗೆ ಬಿಟ್ಟುಬಿಡುತ್ತದೆ. ಹೆಚ್ಚಾದರೆ ಅಲ್ಲಿ ಅಡ್ಡ ಎರಿ (ಮೇಣದ ಕೋಶಗಳ ತಟ್ಟೆ) ಕಟ್ಟುತ್ತದೆ, ಆಮೇಲೆ ಚೌಕಟ್ಟು ಎತ್ತುವಾಗ ಅದು ಹರಿದು ಜೇನು ಸೋರಿ, ಇರುವೆಗೆ ಕರೆಯೋಲೆ ಕೊಟ್ಟ ಹಾಗೆ. ಎರಿಯಿಂದ ಎರಿಗೆ ನಡುಮಧ್ಯ ಅಳೆದರೆ 30ರಿಂದ 32 ಮಿ.ಮೀ. ಬರಬೇಕು. 35 ಬಂದರೆ ಅದು ಯುರೋಪಿನ ಮೆಲ್ಲಿಫೆರಾ ನೊಣದ ಅಳತೆ. ತುಡುವೆಗೆ ಆ ಪೆಟ್ಟಿಗೆ ಅಣ್ಣನ ಅಂಗಿ ತಮ್ಮ ತೊಟ್ಟ ಹಾಗೆ.

ಮೇಣದ ಹಾಳೆಯಲ್ಲೂ ಇದೇ ಮೋಸ ನಡೆಯುತ್ತದೆ. ಹಾಳೆಯ ಮೇಲಿನ ಹತ್ತು ಕೋಶಗಳ ಅಗಲ ಅಳೆಯಿರಿ. 5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತುಡುವೆಯದು. 5.3ರ ಹತ್ತಿರ ಬಂದರೆ ಮೆಲ್ಲಿಫೆರಾದ ಹಾಳೆ. ತುಡುವೆ ಅದನ್ನು ಕಡಿದುಹಾಕುತ್ತದೆ, ಇಲ್ಲವೇ ಅದರಲ್ಲಿ ಗಂಡುನೊಣದ ಕೋಶ ಕಟ್ಟುತ್ತದೆ. ಎರಡರಲ್ಲೂ ಲಾಭ ಇಲ್ಲ.

ಇನ್ನೊಂದು ಸಂಗತಿಯನ್ನು ಹೊರರಾಜ್ಯದ ಕೈಪಿಡಿ ಓದಿ ಬಂದವರು ತಪ್ಪಿ ತಿಳಿಯುತ್ತಾರೆ. ಮೆಲ್ಲಿಫೆರಾ ನೊಣ ಮರದ ಅಂಟು ತಂದು ಸಂದುಗೊಂದುಗಳನ್ನು ತಾನೇ ಮೆತ್ತಿಕೊಳ್ಳುತ್ತದೆ. ತುಡುವೆಗೆ ಆ ಅಭ್ಯಾಸ ಇಲ್ಲ. ಬಡಗಿ ಬಿಟ್ಟ ಸಂದು ಕೊನೆಯವರೆಗೂ ಸಂದೇ. ಅಲ್ಲಿಂದ ಮೇಣದ ಪತಂಗ ನುಗ್ಗಿ ಅಡಿಹಲಗೆಯ ಮೂಲೆಯ ಕಸದಲ್ಲಿ ಮೊಟ್ಟೆ ಇಡುತ್ತದೆ, ಹದಿನೈದು ಇಪ್ಪತ್ತು ದಿನದಲ್ಲಿ ಎರಿಯೊಳಗೆಲ್ಲ ಜೇಡರ ಬಲೆಯಂಥ ನೂಲು, ಕುಟುಂಬ ಪರಾರಿ. ಹಾಗಾಗಿ ಪೆಟ್ಟಿಗೆ ತಂದ ದಿನವೇ ಅದನ್ನು ಬಿಸಿಲಿಗೆ ಹಿಡಿದು ಒಳಗಿಂದ ನೋಡಿ, ಬೆಳಕು ಕಂಡಲ್ಲೆಲ್ಲ ಮೇಣ ಮತ್ತು ಮರದ ಹುಡಿ ಕಲಸಿ ತುಂಬಬೇಕು. ಮಾಡಿನ ತಗಡು ನಾಲ್ಕೂ ಕಡೆ ಎರಡು ಮೂರು ಇಂಚು ಹೊರಚಾಚಿರಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟುವ ಮಳೆಯ ಊರಿನಲ್ಲಿ ಒಂದಿಂಚಿನ ಮಾಡು ತಮಾಷೆಯ ವಸ್ತು. ಸ್ಟ್ಯಾಂಡಿನ ಹಿಂಗಾಲುಗಳಿಗೆ ಅರ್ಧ ಇಂಚಿನ ಕಲ್ಲು ಕೊಟ್ಟು ಪೆಟ್ಟಿಗೆಯನ್ನು ಮುಂದಕ್ಕೆ ಸ್ವಲ್ಪ ಬಾಗಿಸಿದರೆ ಅಡಿಹಲಗೆಯಲ್ಲಿ ನೀರು ನಿಲ್ಲುವುದಿಲ್ಲ.

ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ತಡೆಯುವ ಬಟ್ಟಲು ಇರುತ್ತದೆ, ನೀರು ತುಂಬಿ ಎನ್ನುತ್ತಾರೆ. ಮಂಗಳೂರು ನಗರದಲ್ಲಿ ತಾರಸಿಯ ಮೇಲೆ ನಾಲ್ಕು ಬಟ್ಟಲು ನಿಂತ ನೀರು ಎಂದರೆ ಜೇನಿಗಿಂತ ಮೊದಲು ಸೊಳ್ಳೆ ಸಾಕಣೆ. ಬಳಸಿದ ಎಂಜಿನ್ ಎಣ್ಣೆ ಹಾಕಿ, ಮಳೆ ಬಿದ್ದು ಅದು ತುಂಬಿ ಹರಿಯದ ಹಾಗೆ ಬಟ್ಟಲಿನ ಮೇಲೆ ಕಾಲಿಗೆ ಸಣ್ಣ ಕೊಡೆಯಂತೆ ತಗಡು ಬಿಗಿಯಿರಿ. ನಮ್ಮ ಜೇನಿಂದ ನೆರೆಮನೆಗೆ ಲಾಭ ಆಗುವ ಮೊದಲೇ ಡೆಂಗಿ ಆಗುವುದು ಬೇಡ.

ಇನ್ನು ಹುಳ. ವಿತರಕರು ಕೊಡುವ ಕುಟುಂಬವನ್ನು ಮುಚ್ಚಳ ತೆಗೆಯದೆ ಒಪ್ಪಿಕೊಳ್ಳಬಾರದು. ಕಡಿಮೆಯೆಂದರೆ ನಾಲ್ಕು ಚೌಕಟ್ಟು ಎರಡೂ ಬದಿಯಲ್ಲಿ ನೊಣ ಮುಚ್ಚಿರಬೇಕು. ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿ ಮೊನ್ನೆ ನಿನ್ನೆವರೆಗೂ ಇದ್ದಳು ಎಂದರ್ಥ, ರಾಣಿಯನ್ನೇ ಹುಡುಕಿ ಹೊತ್ತು ಕಳೆಯಬೇಕಾಗಿಲ್ಲ. ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಗೋಡೆಗೆ ಅಂಟಿದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ತೊಡಗಿವೆ. ಆ ಪೆಟ್ಟಿಗೆ ವಾಪಸ್. ಮರಿ ಮುತ್ತಿನ ಬಿಳುಪಲ್ಲಿ ಸುರುಳಿ ಸುತ್ತಿರಬೇಕು. ಕೋಶದ ಬಾಯಿಗೆ ತಲೆ ಎತ್ತಿ ಉದ್ದಕ್ಕೆ ಸತ್ತು ಬಿದ್ದು, ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬಂದರೆ ಅದು ಥೈ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಬಲಿ ತೆಗೆದುಕೊಂಡ ವೈರಸ್ ಇದು. ಔಷಧ ಇಲ್ಲ. ಆ್ಯಂಟಿಬಯಾಟಿಕ್ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ, ವೈರಸ್‌ಗೆ ಅದು ತಾಗುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಒಂದಿದೆ: ಎರಿ ಚೌಕಟ್ಟಿಗೆ ಹೇಗೆ ಅಂಟಿದೆ? ಮೇಲಿನ ಪಟ್ಟಿಯಿಂದ ತಾನಾಗಿ ಕಟ್ಟಿ ಇಳಿದಿದ್ದರೆ ಅದು ಪೆಟ್ಟಿಗೆಯಲ್ಲೇ ಬೆಳೆದ, ಪಾಲು ಮಾಡಿ (ಒಂದನ್ನು ಎರಡಾಗಿಸಿ) ತಂದ ಕುಟುಂಬ. ಬಾಳೆನಾರಿನಿಂದ ಕಟ್ಟಿದ್ದು ಇನ್ನೂ ಹಾಗೇ ಇದ್ದರೆ ಮುರಕಲ್ಲಿನ ಪೊಟರೆಯಿಂದಲೋ ಹುತ್ತದಿಂದಲೋ ಮೊನ್ನೆ ಹಿಡಿದು ತಂದದ್ದು. ಕೊಂಡವರ ಮಟ್ಟಿಗೆ ತೊಂದರೆ ಏನೆಂದರೆ ಹಿಡಿದು ತಂದದ್ದು ಓಡಿಹೋಗುವ ಸಂಭವ ಹೆಚ್ಚು. ಸಬ್ಸಿಡಿಯ ಮಟ್ಟಿಗೆ ತೊಂದರೆ ಇನ್ನೂ ದೊಡ್ಡದು. ಆ ನೊಣ ಪೊಟರೆಯಲ್ಲಿದ್ದಾಗಲೂ ಗುಡ್ಡೆಯ ಗೇರು ಹೂವಿಗೆ ಹೋಗುತ್ತಲೇ ಇತ್ತು. ಅದನ್ನು ಪೆಟ್ಟಿಗೆಗೆ ಹಾಕಿದ್ದರಿಂದ ಊರಿನಲ್ಲಿ ಹಾರುವ ನೊಣದ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಒಂದು ಗುಡ್ಡೆಯ ಪರಾಗಸ್ಪರ್ಶ ಇನ್ನೊಂದು ಗುಡ್ಡೆಗೆ ಹೋಯಿತು, ನಡುವೆ 3,375 ರೂಪಾಯಿ ಸರ್ಕಾರದ್ದು ಖರ್ಚಾಯಿತು. ಪಾಲು ಮಾಡಿದ ಕುಟುಂಬ ಮಾತ್ರ ಹೊಸ ಕುಟುಂಬ.

ಜೇನು ತಿನ್ನುವುದು ಪೆಟ್ಟಿಗೆಯ ಮಾಲೀಕ. ಅವನ ದುಡ್ಡು ಅವನೇ ಹಾಕಲಿ, ಊರಿನ ತೆರಿಗೆ ಯಾಕೆ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಅರ್ಥಶಾಸ್ತ್ರದಲ್ಲಿ ಹಳೆಯದು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಲಾಭ ಆಗಿ, ಆ ಲಾಭಕ್ಕೆ ಬೆಲೆ ಸಿಗದಿದ್ದರೆ, ಮಾಡುವವರು ಊರಿಗೆ ಬೇಕಾದುದಕ್ಕಿಂತ ಕಡಿಮೆ ಮಾಡುತ್ತಾರೆ. ಆ ಅಂತರ ತುಂಬಲು ಸಹಾಯಧನ ಕೊಡಬಹುದು ಎಂದು 1920ರಲ್ಲಿ ಎ. ಸಿ. ಪಿಗೂ ವಾದಿಸಿದರು. ಇದಕ್ಕೆ ಧನಾತ್ಮಕ ಬಾಹ್ಯ ಪರಿಣಾಮ ಎಂದು ಹೆಸರು. 1952ರಲ್ಲಿ ಜೇಮ್ಸ್ ಮೀಡ್ ಅದಕ್ಕೆ ಹಿಡಿದ ಉದಾಹರಣೆಯೇ ಸೇಬಿನ ತೋಟ ಮತ್ತು ಜೇನು: ತೋಟದವನು ನೊಣಕ್ಕೆ ಮಕರಂದ ಕೊಡುತ್ತಾನೆ, ನೊಣ ಅವನ ಹೂವಿಗೆ ಪರಾಗ ಕೊಡುತ್ತದೆ, ಯಾರಿಗೂ ಯಾರೂ ಬಿಲ್ ಮಾಡುವುದಿಲ್ಲ.

ಸ್ಟೀವನ್ ಚೆಯುಂಗ್ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಿಚಾರಿಸಿ 1973ರಲ್ಲಿ ಬರೆದದ್ದು ನೋಡಿದರೆ, ಬಿಲ್ ಮಾಡುತ್ತಿದ್ದರು! ಸೇಬಿನ ಹೂವಿನಿಂದ ಜೇನು ಅಷ್ಟು ಸಿಗುವುದಿಲ್ಲ, ಹಾಗಾಗಿ ತೋಟದವರು ಪೆಟ್ಟಿಗೆಗೆ ಬಾಡಿಗೆ ಕೊಡುತ್ತಿದ್ದರು. ಜೇನು ಚೆನ್ನಾಗಿ ಸಿಗುವ ಬೆಳೆಯಲ್ಲಿ ಉಲ್ಟಾ, ಜೇನಿನವರೇ ಜಮೀನಿನವರಿಗೆ ಕೊಡುತ್ತಿದ್ದರು. ಮಾತುಕತೆಗೆ ಖರ್ಚು ಕಡಿಮೆಯಿದ್ದಲ್ಲಿ ಜನ ತಾವೇ ಒಪ್ಪಂದ ಮಾಡಿಕೊಳ್ಳುತ್ತಾರೆ ಎಂದು 1960ರಲ್ಲಿ ರೊನಾಲ್ಡ್ ಕೋಸ್ ಹೇಳಿದ್ದಕ್ಕೆ ಇದಕ್ಕಿಂತ ಸಿಹಿಯಾದ ಸಾಕ್ಷಿ ಸಿಗಲಿಕ್ಕಿಲ್ಲ.

ನಮ್ಮಲ್ಲಿ? ರಬ್ಬರಿನಲ್ಲಿ ಒಪ್ಪಂದ ಸುಲಭ. ಎಲೆ ಉದುರಿ ಜನವರಿಯಿಂದ ಮಾರ್ಚ್‌ವರೆಗೆ ಹೊಸ ಚಿಗುರು ಬರುವಾಗ ಎಲೆತೊಟ್ಟಿನ ಗ್ರಂಥಿಯಿಂದ ಮಕರಂದ ಒಸರುತ್ತದೆ, ಹೂವಿನಿಂದ ಅಲ್ಲ. ರಬ್ಬರಿನ ಮರಕ್ಕೆ ನೊಣದಿಂದ ಏನೂ ಆಗಬೇಕಾಗಿಲ್ಲ, ನೊಣಕ್ಕೆ ರಬ್ಬರಿನಿಂದ ವರ್ಷದ ಊಟ. ತೋಟ ದೊಡ್ಡದು, ಮಾಲೀಕರು ಒಬ್ಬರು, ಪೆಟ್ಟಿಗೆ ಇಟ್ಟವರು ಇಷ್ಟು ಬಾಟಲಿ ಜೇನು ಕೊಟ್ಟರೆ ಮುಗಿಯಿತು. ಅಲ್ಲಿ ಸರ್ಕಾರಕ್ಕೆ ಕೆಲಸವೇ ಇಲ್ಲ.

ಹಿತ್ತಿಲು ಮತ್ತು ಬೈಲಿನ ಕಥೆ ಬೇರೆ. ತುಡುವೆ ಹೆಚ್ಚಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಯುತ್ತದೆ. ಒಂದು ಕಿ.ಮೀ. ಸುತ್ತಳತೆಯ ವೃತ್ತ ಅಲ್ಲ, ಒಂದು ಕಿ.ಮೀ. ತ್ರಿಜ್ಯದ ವೃತ್ತ: 314 ಹೆಕ್ಟೇರು, ಅಂದರೆ 776 ಎಕರೆ. ಬ್ರಹ್ಮಾವರದ ಕಡೆಯ ಬೈಲಿನಲ್ಲೋ ಮೂಲ್ಕಿ, ಕಿನ್ನಿಗೋಳಿಯ ಗುಡ್ಡೆಯಲ್ಲೋ ಅಷ್ಟು ಜಾಗದಲ್ಲಿ ಎಷ್ಟು ಪಹಣಿ ಇದ್ದೀತು ಎಂದು ಲೆಕ್ಕ ಹಾಕಿ. ಯಾರ ಸೌತೆ ಹೂವಿಗೆ ಯಾರ ನೊಣ ಕೂತಿತೆಂದು ಹೇಳುವವರು ಯಾರು? ಮನೆಮನೆಗೆ ಹೋಗಿ ನೂರು ನೂರು ರೂಪಾಯಿ ಕೇಳಿದರೆ ಚಾ ಸಿಕ್ಕೀತು, ರೂಪಾಯಿ ಸಿಗಲಿಕ್ಕಿಲ್ಲ. ಹೀಗೆ ಒಪ್ಪಂದ ಸಾಧ್ಯವಿಲ್ಲದಲ್ಲೇ ಸಬ್ಸಿಡಿಗೆ ಕಾರಣ ಹುಟ್ಟುವುದು. ಅರ್ಜಿಯ ನಮೂನೆಯಲ್ಲಿ ಮಾತ್ರ ರಬ್ಬರ್ ತೋಟದ ನಡುವಿನ ಪೆಟ್ಟಿಗೆಗೂ ಸೌತೆ ಬೈಲಿನ ಪೆಟ್ಟಿಗೆಗೂ ಒಂದೇ ದರ.

ಸುತ್ತ ಇರುವ ಬೆಳೆಯೇ ಬಾಹ್ಯ ಲಾಭದ ಗಾತ್ರ ತೀರ್ಮಾನಿಸುತ್ತದೆ, ಈ ವಿಷಯದಲ್ಲಿ ಕರಾವಳಿಯಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. ಮಟ್ಟುಗುಳ್ಳದ (ಉಡುಪಿ ಕಡೆಯ ಬದನೆ) ಗದ್ದೆಯ ಬದಿಯಲ್ಲಿ ತುಡುವೆ ಪೆಟ್ಟಿಗೆ ಇಟ್ಟರೆ ಇಳುವರಿ ಏರುತ್ತದೆ ಎಂಬ ಮಾತು ಕೇಳಲು ಚಂದ. ಆದರೆ ಬದನೆ ಜಾತಿಯ ಹೂವಿನ ಪರಾಗಕೋಶ ತುದಿಯಲ್ಲಿ ಸಣ್ಣ ತೂತಿರುವ ಡಬ್ಬಿಯ ಹಾಗೆ; ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಿದರೆ ಪರಾಗ ಉದುರುವುದು. ಆ ವಿದ್ಯೆ ಕಪ್ಪು ದುಂಬಿಗೆ ಗೊತ್ತು, ತುಡುವೆಗೆ ಗೊತ್ತಿಲ್ಲ. ಗುಳ್ಳಕ್ಕೆ ಉಪಕಾರ ಮಾಡಬೇಕೆಂದರೆ ದುಂಬಿ ಕೊರೆದು ಗೂಡು ಮಾಡುವ ಒಣ ಬಿದಿರು, ಹಳೆಯ ಮರದ ತುಂಡು ಗದ್ದೆ ಬದಿಯಲ್ಲಿ ಉಳಿಸಿ. ಶಂಕರಪುರದ ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕೊಯ್ಯುತ್ತಾರೆ, ಅಲ್ಲಿ ನೊಣಕ್ಕೂ ಬೆಳೆಗೂ ಸಂಬಂಧ ಇಲ್ಲ. ಬಾಳೆಗೆ ಬೇಡ. ಅಡಿಕೆಗೆ ಗಾಳಿಯೇ ಮುಖ್ಯ. ನೊಣ ಹಿಂಗಾರದಿಂದ ಪರಾಗ ಒಯ್ಯುತ್ತದೆ, ಲಾಭ ನೊಣಕ್ಕೆ.

ಲಾಭ ಕಣ್ಣಿಗೆ ಕಾಣುವುದು ಸೌತೆ, ಕುಂಬಳ, ಹಾಗಲ, ಕಲ್ಲಂಗಡಿಯಲ್ಲಿ. ಮಂಗಳೂರು ಸೌತೆಯ ಹೆಣ್ಣು ಹೂವು ಅರಳಿರುವುದು ಒಂದೇ ದಿನ, ಅದರಲ್ಲೂ ಬೆಳಗ್ಗಿನ ಹೊತ್ತು. ಆ ಹೊತ್ತಿನೊಳಗೆ ಗಂಡು ಹೂವಿನ ಪರಾಗ ಹೊತ್ತ ನೊಣ ಹತ್ತಾರು ಸಲ ಬಂದು ಹೋಗಬೇಕು. ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಅರ್ಧಂಬರ್ಧ ಬಂದರೆ ಕಾಯಿ ತೊಟ್ಟಿನಲ್ಲಿ ದಪ್ಪ, ತುದಿಯಲ್ಲಿ ಮುರುಟಿ ಡೊಂಕು. ಉದ್ದಕ್ಕೆ ಸೀಳಿ ನೋಡಿದರೆ ಮುರುಟಿದ ಕಡೆ ಬೀಜವೇ ಇರುವುದಿಲ್ಲ. ನೊಣದ ಕೊರತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ: ನೆರೆಯ ಚಪ್ಪರದಲ್ಲಿ ಡೊಂಕು ಕಾಯಿ ತುಂಬ ಇದ್ದರೆ ಆ ಜಾಗಕ್ಕೆ ಪೆಟ್ಟಿಗೆ ಬೇಕು. ಕಾಯಿಗಳೆಲ್ಲ ನೆಟ್ಟಗಿದ್ದರೆ ಹೆಜ್ಜೇನು, ಮುಜಂಟಿ, ಕಾಡು ತುಡುವೆ ಆಗಲೇ ಕೆಲಸ ಮಾಡುತ್ತಿವೆ, ಹೊಸ ಪೆಟ್ಟಿಗೆಯಿಂದ ಊರಿಗೆ ಸಿಗುವುದು ಅಷ್ಟಕ್ಕಷ್ಟೆ. ಹೀರೆ ಹೂವು ಸಂಜೆ ಅರಳುವುದರಿಂದ ಅದನ್ನು ಈ ಪರೀಕ್ಷೆಗೆ ಹಿಡಿಯಬೇಡಿ. ಗೇರು, ರಂಬುಟಾನ್, ಪೇರಳೆ, ನೇರಳೆಗಳಿಗೂ ನೊಣ ಬೇಕು. ತೆಂಗಿಗೆ ಗಾಳಿಯ ಜೊತೆ ನೊಣವೂ ಸಹಾಯಕ.

ಇದರಿಂದಲೇ ಇನ್ನೊಂದು ಮಾತು. ಮೊದಲ ಪೆಟ್ಟಿಗೆಯಿಂದ ಬೈಲಿಗೆ ಸಿಗುವಷ್ಟು ಹತ್ತನೆಯದರಿಂದ ಸಿಗುವುದಿಲ್ಲ. ಹೂವು ಅಷ್ಟೇ, ನೊಣ ಹೆಚ್ಚು. ಐವತ್ತನೆಯದು ಬಂದಾಗ ಒಂದರ ಊಟ ಇನ್ನೊಂದು ಕಸಿಯುತ್ತದೆ, ಬಲವಾದ ಕುಟುಂಬ ದುರ್ಬಲವಾದದ್ದನ್ನು ದೋಚುತ್ತದೆ, ದೋಚಿದ ಜೇನಿನ ಜೊತೆ ಸ್ಯಾಕ್‌ಬ್ರೂಡ್ ಕೂಡ ಬರುತ್ತದೆ. ಅಲ್ಲಿಗೆ ಬಾಹ್ಯ ಲಾಭ ಹೋಗಿ ಬಾಹ್ಯ ನಷ್ಟ. ಒಬ್ಬರಿಗೆ 50 ಎಂಬ ಮಿತಿಗಿಂತ ಒಂದು ಊರಿಗೆ ಇಷ್ಟು ಎಂಬ ಮಿತಿ ಹೆಚ್ಚು ಅರ್ಥಪೂರ್ಣ. ಹತ್ತು ಮನೆಗೆ ಒಂದೊಂದು ಕೊಡುವುದು ಒಂದು ಮನೆಗೆ ಹತ್ತು ಕೊಡುವುದಕ್ಕಿಂತ ಊರಿಗೆ ಒಳ್ಳೆಯದು. ಆದರೆ ಹತ್ತು ಇಟ್ಟವರು ಕಲಿಯುತ್ತಾರೆ, ಒಂದು ಇಟ್ಟವರು ಮರೆಯುತ್ತಾರೆ ಎಂಬ ಜೇನು ಕೃಷಿಕರ ಮಾತೂ ಸುಳ್ಳಲ್ಲ.

ಈಗ ಮಾಲೀಕರ ಲೆಕ್ಕ ನೋಡೋಣ. ಇವು ಕೇವಲ ಉದಾಹರಣೆಯ ಅಂಕಿ, ನಿಮ್ಮ ದರ ಹಾಕಿ ತಿದ್ದಿಕೊಳ್ಳಿ. ಪೆಟ್ಟಿಗೆ ಮತ್ತು ಸ್ಟ್ಯಾಂಡಿಗೆ 2,500 ರೂಪಾಯಿ, ಆರು ವರ್ಷ ಬಾಳಿಕೆ, ವರ್ಷಕ್ಕೆ 417. ಕುಟುಂಬ ಹೋದರೆ ಹೊಸದಕ್ಕೆ 2,000. ಮಳೆಗಾಲದ ಸಕ್ಕರೆಗೆ 130. ಕುಟುಂಬ ಉಳಿದ ವರ್ಷ 6 ಕೆ.ಜಿ. ಜೇನು, ಕೆ.ಜಿ.ಗೆ 500ರಂತೆ 3,000 ರೂಪಾಯಿ. ಮಳೆಗಾಲ ದಾಟುವ ಸಂಭವ ಎರಡರಲ್ಲಿ ಒಂದು ಎಂದಾದರೆ ಸರಾಸರಿ ವರ್ಷದ ಆದಾಯ 1,500, ಖರ್ಚು 417, 1,000, 130 ಸೇರಿ 1,547. ಕೈಗೆ ಬರುವುದು 47 ರೂಪಾಯಿ ನಷ್ಟ. ಹತ್ತರಲ್ಲಿ ಒಂಬತ್ತು ಸಲ ಉಳಿಸಿಕೊಳ್ಳುವವರಿಗೆ ಆದಾಯ 2,700, ಖರ್ಚು 747, ಲಾಭ 1,953.

ಇಬ್ಬರ ನಡುವಿನ ಅಂತರ ಸರಿಯಾಗಿ 2,000 ರೂಪಾಯಿ. ಅದೇ ಪೆಟ್ಟಿಗೆ ಮತ್ತು ಸ್ಟ್ಯಾಂಡಿಗೆ ಶೇ. 75 ಸಬ್ಸಿಡಿ ಕೊಟ್ಟರೆ ವರ್ಷದ 417 ಖರ್ಚು 104ಕ್ಕೆ ಇಳಿಯುತ್ತದೆ, ಉಳಿತಾಯ 313. ಕುಟುಂಬದ ಸಬ್ಸಿಡಿ ಮೊದಲ ಸಲಕ್ಕೆ ಮಾತ್ರ. ಅನುಭವಿಗೆ ಸಬ್ಸಿಡಿ ಇಲ್ಲದೆಯೂ ಲಾಭವೇ, ಅವರು ಹೇಗೂ ಪೆಟ್ಟಿಗೆ ಇಡುತ್ತಿದ್ದರು. ಹೊಸಬರಿಗೆ 313 ರೂಪಾಯಿಗಿಂತ ಕುಟುಂಬ ಉಳಿಸುವ ವಿದ್ಯೆ ಆರು ಪಟ್ಟು ಬೆಲೆಬಾಳುತ್ತದೆ. ಊರಿಗೂ ಹಾಗೇ: ಖಾಲಿ ಪೆಟ್ಟಿಗೆಯಿಂದ ಸೌತೆ ಕಾಯಿಕಚ್ಚುವುದಿಲ್ಲ.

ಕರಾವಳಿಯಲ್ಲಿ ಆ ವಿದ್ಯೆ ಇಷ್ಟೇ, ಆದರೆ ದಿನ ತಪ್ಪಬಾರದು. ಪತ್ತನಾಜೆ (ಮೇ ಕೊನೆಯ ವಾರ) ಹೊತ್ತಿಗೆ ಜೇನು ತೆಗೆಯುವುದು ನಿಂತಿರಬೇಕು. ಕೊನೆಯ ಸುತ್ತಿನ ಜೇನನ್ನು ಬಳಿದು ಬರಿದು ಮಾಡದೆ ಸಂಸಾರ ಕೋಣೆಯಲ್ಲಿ ಇದ್ದುದನ್ನು ಇದ್ದ ಹಾಗೆ ಬಿಡಬೇಕು. ತುಡುವೆ ಪರಾರಿಯಾಗಲು ಮೊದಲ ಕಾರಣವೇ ಮಾಲೀಕರ ಆಸೆ. ಜೇನು ಕೋಣೆಯನ್ನು ಇಳಿಸಿ, ಸಂಸಾರ ಕೋಣೆಯಲ್ಲಿ ನೊಣ ಮುಚ್ಚದ ಎರಿಗಳನ್ನು ತೆಗೆದುಬಿಡಿ. ನಾಲ್ಕು ಎರಿಯಷ್ಟು ನೊಣಕ್ಕೆ ಎಂಟು ಎರಿ ಇದ್ದರೆ ಕಾವಲಿಲ್ಲದ ನಾಲ್ಕು ಪತಂಗಕ್ಕೆ. ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಒಳಗಡೆ ಇಡಬೇಕು, ಕತ್ತಲಾದ ಮೇಲೆ. ಹಗಲು ಇಟ್ಟರೆ, ಹೊರಗೆ ಚೆಲ್ಲಿದರೆ, ನೆರೆಯ ಕುಟುಂಬ ದೋಚಲು ಬರುತ್ತದೆ. ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ. ಅದೇ ದಿನ ಅಡಿಹಲಗೆ ಗುಡಿಸಿ ಕಸ ಸುಡಿ. ಆಟಿಯಲ್ಲಿ (ಜುಲೈ-ಆಗಸ್ಟ್) ಮೂರು ದಿನ ಬಿಡದೆ ಮಳೆ ಸುರಿದರೆ ವಾರ ಕಾಯಬೇಡಿ. ಸೋಣ (ಆಗಸ್ಟ್-ಸೆಪ್ಟೆಂಬರ್) ಕಳೆದು ಬಿಸಿಲು ಬರುವಾಗ ಕಣಜ ಬಾಗಿಲಲ್ಲಿ ಕಾಯುತ್ತದೆ. ಬಾಗಿಲಿನ ಎತ್ತರವನ್ನು ಕಣಜ ನುಸುಳದಷ್ಟು ಕಿರಿದು ಮಾಡಿ.

ಜೇನು ತೆಗೆಯುವವರಿಗೆ ಒಂದು ಸೂಚನೆ. ಎರಿಯ ಮುಕ್ಕಾಲು ಪಾಲು ಮೇಣದಿಂದ ಮುಚ್ಚುವ ಮೊದಲು ತೆಗೆದ ಜೇನು ಕರಾವಳಿಯ ತೇವದಲ್ಲಿ ಹುಳಿಯುತ್ತದೆ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಜೇನಿನಲ್ಲಿ ನೀರು ಶೇ. 20 ಮೀರಬಾರದು. ಬಾಟಲಿಯ ಮುಚ್ಚಳ ತೆಗೆದಾಗ ಬುಸ್ ಎಂದರೆ ಕಾರಣ ಅದೇ.

ನೆರೆಯವರಿಂದ ಬರುವ ನಷ್ಟವೂ ಉಂಟು. ಗೇರು ಹೂ ಬಿಡುವಾಗ ಟೀ ಸೊಳ್ಳೆ ಎಂಬ ಕೀಟಕ್ಕೆ ಔಷಧ ಹೊಡೆಯುವವರು ಬೆಳಗ್ಗೆ ಒಂಬತ್ತಕ್ಕೆ ಹೊಡೆದರೆ ಅವತ್ತು ಹೂವಿಗೆ ಹೋದ ನೊಣ ಮರಳಿ ಬರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಹೊಡೆಯಿರಿ, ಹಿಂದಿನ ದಿನ ಒಂದು ಫೋನ್ ಮಾಡಿ ಎಂದು ಕೇಳಿಕೊಳ್ಳಿ. ಆ ಒಂದು ಫೋನ್ ಇಬ್ಬರಿಗೂ ಖರ್ಚಿಲ್ಲದ ಕೋಸ್ ಒಪ್ಪಂದ. ಒಂದು ಬಾಟಲಿ ಜೇನು ಕೊಟ್ಟರೆ ಒಪ್ಪಂದ ಇನ್ನೂ ಗಟ್ಟಿ.

ಅರ್ಜಿಯ ಕೆಲಸ ಕಷ್ಟದ್ದಲ್ಲ. ಹೋಬಳಿ ಅಥವಾ ತಾಲೂಕು ತೋಟಗಾರಿಕೆ ಕಚೇರಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ಎಫ್‌ಐಡಿ ಸಂಖ್ಯೆ, ಬೇಕಾದಲ್ಲಿ ಜಾತಿ ಪ್ರಮಾಣಪತ್ರ. ಜಂಟಿ ಪಹಣಿಯಾದರೆ ಉಳಿದವರ ಒಪ್ಪಿಗೆ ಪತ್ರಕ್ಕೆ ಓಡಾಟ ಉಂಟು, ಕರಾವಳಿಯ ಕುಟುಂಬದ ಆಸ್ತಿಗಳಲ್ಲಿ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಪಹಣಿ ಇಲ್ಲದ ಮಂಗಳೂರಿನ ತಾರಸಿಯವರು ಪೂರ್ತಿ ಬೆಲೆ ಕೊಟ್ಟೇ ಕೊಳ್ಳಬೇಕಾಗುತ್ತದೆ, ಅವರ ನೊಣ ನೆರೆಯ ನಾಲ್ಕು ಬಡಾವಣೆಯ ಪೇರಳೆ, ನೇರಳೆಗೆ ಹೋಗುತ್ತಿದ್ದರೂ. ತರಬೇತಿಯ ಬಗ್ಗೆ ಕಂಕನಾಡಿ ಮತ್ತು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರ ಸಂಘದಲ್ಲಿ ವಿಚಾರಿಸಬಹುದು. ಪೆಟ್ಟಿಗೆ ಬಂದ ಮೇಲೆ ಅಲ್ಲ, ಬರುವ ಮೊದಲು ಹೋಗಿ.

ಯೋಜನೆಯನ್ನು ಸರಿಮಾಡಲು ಹೊಸ ಹಣ ಬೇಡ. ಅದೇ 3,375 ರೂಪಾಯಿಯನ್ನು ಮೂರು ಕಂತು ಮಾಡಿದರೆ ಸಾಕು: ಪೆಟ್ಟಿಗೆ ಬಂದಾಗ 1,500, ಮೊದಲ ಅಕ್ಟೋಬರಿನಲ್ಲಿ ನಾಲ್ಕು ಎರಿ ನೊಣ ಇದ್ದರೆ 1,000, ಎರಡನೆಯ ಅಕ್ಟೋಬರಿನಲ್ಲಿ 875. ಪೆಟ್ಟಿಗೆಗೆ ಸಂಖ್ಯೆ ಕೆತ್ತಿ, ಚೌಕಟ್ಟು ಎತ್ತಿ ಹಿಡಿದ ಚಿತ್ರವನ್ನು ಸ್ಥಳದ ಗುರುತಿನೊಂದಿಗೆ ಕಳಿಸಿದರೆ ತಪಾಸಣೆ ಆಯಿತು. ನೆರೆಯವರ ಪೆಟ್ಟಿಗೆಯ ಚಿತ್ರ ಕಳಿಸುವವರು ಇದ್ದೇ ಇರುತ್ತಾರೆ. ಈಗ ಖಾಲಿ ಪೆಟ್ಟಿಗೆಗೆ ಪೂರ್ತಿ ದುಡ್ಡು ಹೋಗುವುದಕ್ಕಿಂತ ಅದು ಕಡಿಮೆ ಪೋಲು. ಮೊದಲ ಕಂತು ತೀರ ಸಣ್ಣದಾದರೆ ಕೈಯಲ್ಲಿ ಹಣ ಇಲ್ಲದವರು ಹೊರಗುಳಿಯುತ್ತಾರೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು, ಅಂಥವರಿಗೆ ಕಂತಿನ ಪ್ರಮಾಣ ಬದಲಿಸಬೇಕು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿರುವುದು ತಿಂಗಳು. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಪೆಟ್ಟಿಗೆ, ಹುಳ ಒಟ್ಟಿಗೆ ತಂದಿಳಿಸಿದರೆ ರಬ್ಬರ್ ಚಿಗುರೂ ಗೇರು ಹೂವೂ ಮುಗಿಯುತ್ತ ಬಂದಿರುತ್ತವೆ, ಎರಡು ತಿಂಗಳಲ್ಲಿ ಮಳೆ. ಆ ಕುಟುಂಬ ಹೊಸಬರ ಕೈಯಲ್ಲಿ ಉಳಿಯುವುದು ಕಷ್ಟ. ಮಾರ್ಚ್‌ನಲ್ಲಿ ಪೆಟ್ಟಿಗೆ ಮತ್ತು ಸ್ಟ್ಯಾಂಡ್ ಮಾತ್ರ ಇಳಿಸಿಕೊಂಡು, ಕುಟುಂಬವನ್ನು ನವರಾತ್ರಿ ಕಳೆದ ಮೇಲೆ, ಪಾಲು ಮಾಡುವ ಕಾಲದಲ್ಲಿ ಕೊಡುವುದಾಗಿ ವಿತರಕರಿಂದ ರಸೀದಿಯ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಹತ್ತಿರ ಪಾಲು ಮಾಡಲು ಸ್ವಂತ ಕುಟುಂಬ ಇದೆಯೇ ಎಂದು ಕೇಳಿ ನೋಡಿ.